"ನಿನ್ನ ವಯಸ್ಸಲ್ಲಿ ನಾನು ಸೈಟು ತಗೊಂಡಿದ್ದೆ": ಅಪ್ಪ-ಅಮ್ಮನ ಲೆಕ್ಕದ ಪಕ್ಕ ನಮ್ಮ ಲೆಕ್ಕ ಇಡುವುದು ಹೇಗೆ

ನಮ್ಮ ಮನೆಯಲ್ಲಿ ಈ ಮಾತು ಹಬ್ಬಕ್ಕೊಂದು ಸಲವಾದರೂ ಬರುತ್ತದೆ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದ ಹೊತ್ತಿಗೆ ಅಪ್ಪ ಶುರು ಮಾಡುತ್ತಾರೆ, "ನಿನ್ನ ವಯಸ್ಸಲ್ಲಿ ನಾನು ಸೈಟು ತಗೊಂಡಿದ್ದೆ." ನಾನು "ಆಗ ಎಲ್ಲಾ ಕಮ್ಮಿ ರೇಟು ಇತ್ತಲ್ಲಪ್ಪ" ಅನ್ನುತ್ತೇನೆ. "ಸಂಬಳ ಎಷ್ಟಿತ್ತು ಗೊತ್ತಾ?" ಅಂತ ಅವರು. ಅಮ್ಮ ಒಳಗೆ ಪಾತ್ರೆ ಎತ್ತಿಡುತ್ತಿರುತ್ತಾಳೆ, ಏನೂ ಹೇಳುವುದಿಲ್ಲ. ಮಾತು ಅಲ್ಲಿಗೇ ನಿಂತು ಮುಂದಿನ ಹಬ್ಬಕ್ಕೆ ಕಾಯುತ್ತದೆ.

ಈ ವರ್ಷ ನನಗೆ 38. ಈ ಜಗಳವನ್ನು ಕಾಗದದ ಮೇಲೆ ಹಾಕಿಯೇ ಬಿಡೋಣ ಅನ್ನಿಸಿತು. ಎರಡು ಭಾನುವಾರ, ಒಂದು ಟ್ರಂಕು, ಒಂದು ಎಕ್ಸೆಲ್ ಶೀಟು ಬೇಕಾಯಿತು. ಮಾಡುತ್ತಾ ಮಾಡುತ್ತಾ ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೂ ಸೇರಿಸಿ ಕ್ರಮ ಬರೆದಿದ್ದೇನೆ. ಅಪ್ಪ ತಿಪಟೂರಿನ ಹೈಸ್ಕೂಲು ಮೇಷ್ಟ್ರು, ಈಗ ನಿವೃತ್ತರು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಿಮ್ಮ ಮನೆಯಲ್ಲಿ ಅಂಗಡಿ ಇರಬಹುದು, ಹೊಲ ಇರಬಹುದು, ಲೆಕ್ಕ ಹಾಕುವ ದಾರಿ ಮಾತ್ರ ಇದೇ.

ಮೊದಲು: ಒಂದೇ ಒಂದು ವರ್ಷ ಹಿಡಿಯಿರಿ

"ಅವರ ಕಾಲ", "ನಮ್ಮ ಕಾಲ" ಅಂತ ಶುರು ಮಾಡಿದರೆ ಲೆಕ್ಕ ಎಂದೂ ಮುಗಿಯುವುದಿಲ್ಲ. ಕಾಲ ಅನ್ನುವುದು ರಬ್ಬರು, ಬೇಕಾದ ಕಡೆಗೆ ಎಳೆಯಬಹುದು. ಒಂದು ವರ್ಷ ಹಿಡಿಯಿರಿ. ಅಪ್ಪ ಹುಟ್ಟಿದ್ದು 1957, 38 ತುಂಬಿದ್ದು 1995ರಲ್ಲಿ. ನನಗೆ 38 ತುಂಬಿದ್ದು 2025ರಲ್ಲಿ. ಹಾಗಾಗಿ ನನ್ನ ಹಾಳೆಯ ತಲೆಯಲ್ಲಿ ಎರಡೇ ಕಾಲಂ, 1995 ಮತ್ತು 2025.

ಒಂದು ಎಚ್ಚರಿಕೆ. ಹಿರಿಯರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ದಿನವನ್ನು ಪೂರ್ತಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಲೆಕ್ಕಕ್ಕೆ ಸರಿಹೋಗಲಿ ಅಂತ ಮೇಷ್ಟ್ರು ಬರೆದುಕೊಂಡ ಜೂನ್ ತಿಂಗಳ ತಾರೀಖು ಎಷ್ಟೋ ಜನರ ಹುಟ್ಟುಹಬ್ಬವಾಗಿದೆ. ಅಪ್ಪನದೂ ಜೂನ್ 1. ಅಜ್ಜಿಯ ಪ್ರಕಾರ ಅವರು ಹುಟ್ಟಿದ್ದು ದೀಪಾವಳಿ ಆಸುಪಾಸು. ಆರು ತಿಂಗಳ ವ್ಯತ್ಯಾಸದಿಂದ ಲೆಕ್ಕವೇನೂ ಕೆಡುವುದಿಲ್ಲ, ಎರಡು ವರ್ಷ ಆದರೆ ಕೆಡುತ್ತದೆ.

ವಯಸ್ಸು ಒಂದೇ ಆದರೂ ಬದುಕಿನ ಹಂತ ಬೇರೆ ಇರಬಹುದು. ಅಪ್ಪನಿಗೆ 38ರಲ್ಲಿ ಎಂಟು ವರ್ಷದ ನಾನು, ಐದು ವರ್ಷದ ತಂಗಿ. ನನಗೆ ನಾಲ್ಕು ವರ್ಷದ ಒಬ್ಬಳು ಮಗಳು. ಇದನ್ನು ಹಾಳೆಯ ಮೇಲ್ಗಡೆಯೇ ಬರೆದಿಡಿ, ಆಮೇಲೆ ಬೇಕಾಗುತ್ತದೆ.

ಟ್ರಂಕು ತೆಗೆಯಿರಿ

ನೆನಪನ್ನು ನಂಬಿ ಲೆಕ್ಕ ಹಾಕಬೇಡಿ. "ಆಗ ಸಂಬಳ ಎರಡು ಸಾವಿರ ಇತ್ತು" ಅಂತ ಅಪ್ಪ ಗಟ್ಟಿಯಾಗಿ ಹೇಳಿದ್ದರು. ಟ್ರಂಕಿನಲ್ಲಿ ಸಿಕ್ಕ ಚೀಟಿ ನೋಡಿದರೆ 1995ರಲ್ಲಿ ಕೈಗೆ ಬರುತ್ತಿದ್ದದ್ದು 4,350 ರೂಪಾಯಿ. ಎರಡು ಸಾವಿರ ಅದಕ್ಕೂ ಎಷ್ಟೋ ವರ್ಷ ಹಿಂದಿನದು. ಕಷ್ಟದ ದಿನಗಳ ಸಂಬಳವೇ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ.

ಏನೇನು ಹುಡುಕಬೇಕು? ಸರ್ಕಾರಿ ನೌಕರಿ ಆಗಿದ್ದರೆ ಸಂಬಳದ ಚೀಟಿ, ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ಸ್ಲಿಪ್ಪು, ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಪಾಲಿಸಿ. ಯಾರ ಮನೆಯಲ್ಲಾದರೂ ಎಲ್‌ಐಸಿ ಬಾಂಡು, ಪೋಸ್ಟಾಫೀಸಿನ ಆರ್‌ಡಿ ಪಾಸ್‌ಬುಕ್ಕು, ಸಹಕಾರ ಸಂಘದ ಷೇರು ಪತ್ರ, ಗಿರವಿ ರಸೀದಿ, ಸೈಟಿನ ಕ್ರಯಪತ್ರ. ಡೈರಿಗೆ ಹಾಲು ಹಾಕುತ್ತಿದ್ದರೆ ಆ ಪುಸ್ತಕ. ದಿನಸಿ ಅಂಗಡಿಯ ಸಾಲದ ಪುಸ್ತಕ ಸಿಕ್ಕಿದರೆ ಲಾಟರಿ ಹೊಡೆದ ಹಾಗೆ. ಇನ್ನೊಂದು ಇದೆ, ಯಾರೂ ಲೆಕ್ಕಕ್ಕೆ ತಗೊಳ್ಳದೇ ಇರುವುದು: ಮುಯ್ಯಿ ಪುಸ್ತಕ. ಮದುವೆ, ಗೃಹಪ್ರವೇಶಕ್ಕೆ ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟದ್ದು. 1995ರ ಆಸುಪಾಸಿನ ಚಿಕ್ಕಪ್ಪನ ಮದುವೆಯ ಪುಸ್ತಕದಲ್ಲಿ ಹೆಚ್ಚಿನವರು 11, 21, ಹತ್ತಿರದವರು 51, 101. ಆ ಊರಿನಲ್ಲಿ ಆಗ ನೂರು ರೂಪಾಯಿಗೆ ಎಷ್ಟು ತೂಕ ಇತ್ತು ಅನ್ನುವುದು ಅದರಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯಲಿಲ್ಲ.

ಕ್ರಯಪತ್ರದಲ್ಲಿ ಬರೆದಿರುವ ಮೊತ್ತವನ್ನು ಹಾಗೇ ತಗೊಳ್ಳಬೇಡಿ. ನಮ್ಮ ಸೈಟಿನ ಪತ್ರದಲ್ಲಿ 14,000 ಅಂತಿದೆ. ಕೊಟ್ಟದ್ದು 28,000. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಋಣಭಾರ ಪತ್ರ) ತೆಗೆಸಿದರೂ ಪತ್ರದಲ್ಲಿದ್ದ ಮೊತ್ತವೇ ಬರುತ್ತದೆ. ನಿಜವಾದ ರೇಟು ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ. "ಸಂಬಳ ಎಷ್ಟಿತ್ತು, ಸಾಲ ಎಷ್ಟಿತ್ತು" ಅಂತ ಪೊಲೀಸರ ಥರ ಕೇಳಿದರೆ ಇಬ್ಬರೂ ಬಾಯಿ ಬಿಡುವುದಿಲ್ಲ. "ಆ ವರ್ಷ ಯಾವ ತಿಂಗಳು ತುಂಬಾ ಕಷ್ಟ ಆಗಿತ್ತು?" ಅಂತ ಕೇಳಿ. ನಮ್ಮಲ್ಲಿ ಬಂದ ಉತ್ತರ ಜೂನ್. ಪುಸ್ತಕ, ಯೂನಿಫಾರಂ, ಕೊಡೆ, ಊರಿನ ಬಿತ್ತನೆ ಎಲ್ಲಾ ಒಟ್ಟಿಗೆ. ಅಲ್ಲಿಂದ ಮಾತು ತಾನಾಗೇ ಬಿಚ್ಚಿಕೊಂಡಿತು. ಅಮ್ಮನನ್ನು ಬೇರೆಯಾಗಿ ಕೇಳಿ, ಸಾಧ್ಯವಾದರೆ ಅವರೇನೋ ಕೆಲಸ ಮಾಡುತ್ತಿರುವಾಗ, ಸೊಪ್ಪು ಬಿಡಿಸುತ್ತಾ ಕೂತಿರುವಾಗ. ಅಪ್ಪನ ಎದುರಿಗೆ ಹೇಳದ ಲೆಕ್ಕ ಅವರ ಹತ್ತಿರ ಇದ್ದೇ ಇರುತ್ತದೆ.

ಹಳೆಯ ರೂಪಾಯಿಯನ್ನು ಇವತ್ತಿನದಕ್ಕೆ ತರುವುದು

ಇದೇ ಮುಖ್ಯ ಭಾಗ. ಇಲ್ಲಿ ಅವಸರ ಮಾಡಬೇಡಿ.

ಸೈಟು ಮಾರಿ ತೆರಿಗೆ ಕಟ್ಟಿದವರಿಗೆ ಆದಾಯ ತೆರಿಗೆ ಇಲಾಖೆಯ ವೆಚ್ಚ ಹಣದುಬ್ಬರ ಸೂಚ್ಯಂಕ ಗೊತ್ತಿರುತ್ತದೆ, ಸಿಐಐ ಅನ್ನುವುದು. ಅದರ ಪ್ರಕಾರ 1995-96ರಿಂದ 2025-26ಕ್ಕೆ 5.7 ಪಟ್ಟು. ಆದರೆ ಸಂಬಳ ಹೋಲಿಸುವುದಕ್ಕೆ ಅದು ಬೇಡ. ಅದರಲ್ಲಿ ಬೆಲೆ ಏರಿಕೆಯ ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದು ತೆರಿಗೆಗೆ ಅಂತ ಮಾಡಿದ ಅಳತೆ.

ನಮಗೆ ಬೇಕಾದದ್ದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಕೇಂದ್ರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಹೊರಡಿಸುತ್ತದೆ. ಕೇಂದ್ರ ನೌಕರರ ತುಟ್ಟಿಭತ್ಯೆ ನಿಂತಿರುವುದು ಇದರ ಮೇಲೇ. ಒಂದೇ ತೊಡಕು, ಬೆಲೆಯನ್ನು 100 ಅಂತ ಹಿಡಿದು ಶುರು ಮಾಡುವ ಮೂಲ ವರ್ಷ ಆಗಾಗ ಬದಲಾಗುತ್ತದೆ. ಹಳೆಯದು 1982, ಆಮೇಲೆ 2001, ಈಗ 2016. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರೆ 2001ರ ಸರಣಿಗೆ ಬರುತ್ತದೆ. ಅದನ್ನು 4.63ರಿಂದ ಗುಣಿಸಿದರೆ 1982ರ ಸರಣಿಗೆ. 2025ರ ಜೂನ್ ಅಂಕಿ 145. ಎರಡು ಸಲ ಗುಣಿಸಿದರೆ ಸುಮಾರು 1,933. 1995-96ರ ಸರಾಸರಿ 313. ಭಾಗಿಸಿದರೆ 6.2.

ಗುಣಾಕಾರ ಬೇಡ ಅನ್ನುವವರಿಗೆ ಸುಮಾರು ಲೆಕ್ಕ ಇಲ್ಲಿದೆ. ಅಪ್ಪ-ಅಮ್ಮನ ವರ್ಷ 1985-86 ಆದರೆ 15ರಿಂದ ಗುಣಿಸಿ. 1990-91 ಆದರೆ 10. 1995-96 ಆದರೆ 6.2. 2000-01 ಆದರೆ 4.35.

ಅಪ್ಪನ 4,350 ಹೀಗೆ ಇವತ್ತಿನ 27,000 ಆಯಿತು. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕರ್ನಾಟಕದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಅತಿ ಕಡಿಮೆ ಮೂಲ ವೇತನ ಎಷ್ಟು ಗೊತ್ತಾ? 27,000. ಅಂದರೆ ಹದಿನಾಲ್ಕು ವರ್ಷ ಸರ್ವೀಸ್ ಆದ ಹೈಸ್ಕೂಲು ಮೇಷ್ಟ್ರ ಅಂದಿನ ಸಂಬಳ, ಇಂದು ಕೆಳಗಿನ ದರ್ಜೆಯಲ್ಲಿ ಕೆಲಸಕ್ಕೆ ಸೇರುವವರ ಮೊದಲ ತಿಂಗಳ ಮೂಲ ವೇತನದಷ್ಟು. ನನ್ನ ಕೈಗೆ ಬರುವುದು 92,000. ಬೆಲೆಯ ಅಳತೆಯಲ್ಲಿ ನಾನು ಅಪ್ಪನ ಮೂರೂವರೆ ಪಟ್ಟು ಇದ್ದೇನೆ.

ಹಾಗಾದರೆ ಜಗಳ ನಾನು ಸೋತೆ ಅಂತಾನಾ? ತಡೆಯಿರಿ. ಒಂದೇ ಅಳತೆಗೋಲು ಸಾಲದು. ಎರಡನೆಯದು ಚಿನ್ನ. 1995ರಲ್ಲಿ ಹತ್ತು ಗ್ರಾಂಗೆ ಸುಮಾರು 4,700 ಇತ್ತು. 2025ರ ಮಧ್ಯದಲ್ಲಿ ಸುಮಾರು ಒಂದು ಲಕ್ಷ. ಅಪ್ಪನ ಒಂದು ತಿಂಗಳ ಸಂಬಳಕ್ಕೆ 9.3 ಗ್ರಾಂ ಬರುತ್ತಿತ್ತು. ನನ್ನದಕ್ಕೆ 9.2. ಚಿನ್ನದ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಅದೇ ಕೆಲಸಕ್ಕೆ ಇವತ್ತು ಎಷ್ಟು? ಅಪ್ಪನ ಹುದ್ದೆಯಲ್ಲೇ ಇರುವ, ಅಷ್ಟೇ ಸರ್ವೀಸ್ ಆಗಿರುವ ಪರಿಚಯದ ಮೇಷ್ಟ್ರೊಬ್ಬರನ್ನು ಕೇಳಿದೆ. ಕೈಗೆ ಎಪ್ಪತ್ತರ ಮೇಲೆ ಬರುತ್ತದೆ ಅಂದರು. ಅಂದರೆ ಅಪ್ಪನಿಗಿಂತ ಮುಂದೆ ಹೋದದ್ದು ನಾನೊಬ್ಬನೇ ಅಲ್ಲ, ಆ ಕುರ್ಚಿಯೂ ಮುಂದೆ ಹೋಗಿದೆ. "ನಾನು ಓದಿ ಮೇಲೆ ಬಂದೆ" ಅನ್ನುವ ನನ್ನ ಹೆಮ್ಮೆಯಲ್ಲಿ ಒಂದಿಷ್ಟು ಕಳೆಯಬೇಕಾಯಿತು.

ವಸ್ತುಗಳನ್ನು ದಿನದ ದುಡಿಮೆಯಲ್ಲಿ ಅಳೆಯಿರಿ

ಸೂಚ್ಯಂಕ ಒಂದು ಸರಾಸರಿ. ಅದರೊಳಗೆ ಕೆಲವು ವಸ್ತು ಪಾತಾಳಕ್ಕೆ ಇಳಿದಿವೆ, ಕೆಲವು ಆಕಾಶಕ್ಕೆ ಏರಿವೆ. ಅದನ್ನು ಹಿಡಿಯುವುದಕ್ಕೆ ಸುಲಭದ ದಾರಿ: ತಿಂಗಳ ಸಂಬಳವನ್ನು 30ರಿಂದ ಭಾಗಿಸಿ, ಯಾವ ವಸ್ತುವಿಗೆ ಎಷ್ಟು ದಿನ ದುಡಿಯಬೇಕು ಅಂತ ನೋಡಿ.

ಕಲರ್ ಟಿವಿ ನಮ್ಮ ಮನೆಗೆ ಬಂದದ್ದು 1996ರಲ್ಲಿ, 13,500ಕ್ಕೆ. ಅಪ್ಪನ ಮೂರು ತಿಂಗಳ ದುಡಿಮೆ. ನನ್ನ ಮನೆಯ ಟಿವಿ 18,000, ಆರು ದಿನ. ನನ್ನ ಶಾಲೆಯ ಖರ್ಚು, ಸರ್ಕಾರಿ ಶಾಲೆ ಆದ್ದರಿಂದ, ಪುಸ್ತಕ ಬಟ್ಟೆ ಸೇರಿ ವರ್ಷಕ್ಕೆ 300. ಎರಡು ದಿನ. ಮಗಳ ಎಲ್‌ಕೆಜಿ ಫೀಸು 95,000. ಒಂದು ತಿಂಗಳ ಸಂಬಳ ಕೊಟ್ಟು ಮೇಲೆ ಮೂರು ಸಾವಿರ. ಎಲ್‌ಕೆಜಿಗೆ! ಮೇಷ್ಟ್ರಾಗಿದ್ದ ಅಪ್ಪ ಈ ಸಾಲನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

ಈಗ ಸೈಟು. 1993ರಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ಸೈಟಿಗೆ 28,000. ಆಗ ಸಂಬಳ 3,400. ಎಂಟು ತಿಂಗಳ ದುಡಿಮೆಗಿಂತ ಸ್ವಲ್ಪ ಜಾಸ್ತಿ. ಅದೇ ಬೀದಿಯಲ್ಲಿ ಅದೇ ಅಳತೆಯ ಸೈಟು ಈಗ 24 ಲಕ್ಷ ಅನ್ನುತ್ತಾರೆ. ನನ್ನ 26 ತಿಂಗಳು. ಇಲ್ಲಿ ಗೆದ್ದದ್ದು ಅಪ್ಪ, ಅನುಮಾನವೇ ಇಲ್ಲ. ಆದರೆ ನಾನು ತಿಪಟೂರಿನಲ್ಲಿ ಇಲ್ಲವಲ್ಲ. ಅಪ್ಪನ ಊರಿನ ಸೈಟಿಗೆ ನನ್ನ ಬೆಂಗಳೂರು ಫ್ಲಾಟನ್ನು ಹೋಲಿಸುವುದು ನ್ಯಾಯವಾ ಅಂತ ತುಂಬಾ ಯೋಚಿಸಿದೆ. ಕೊನೆಗೆ ಎರಡನ್ನೂ ಬರೆದೆ. ಸಂಬಳ ಎಲ್ಲಿ ಸಿಗುತ್ತದೋ ಅಲ್ಲಿಯ ಮನೆಯೇ ಸರಿಯಾದ ಜೋಡಿ. ಅಪ್ಪನಿಗೆ ಸಂಬಳ ಮತ್ತು ಸೈಟು ಒಂದೇ ಊರಿನಲ್ಲಿ ಸಿಕ್ಕವು, ನನಗೆ ಇಲ್ಲ. 1991ರ ಜನಗಣತಿಯಲ್ಲಿ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 41 ಲಕ್ಷ, 2011ಕ್ಕೆ 85 ಲಕ್ಷ. ಇವರಲ್ಲಿ ಎಷ್ಟೋ ಜನ ನನ್ನ ಹಾಗೇ ಕೆಲಸದ ಹಿಂದೆ ಬಂದು ಒಂದೇ ನೆಲಕ್ಕೆ ಕೈ ಚಾಚಿದವರು.

ಇನ್ನೊಂದು ವಿಷಯ ಈ ಹಂತದಲ್ಲಿ ಹೊರಬಿತ್ತು. 38ರಲ್ಲಿ ಅಪ್ಪನಿಗೆ ಸೈಟು ಇತ್ತು, ಮನೆ ಇರಲಿಲ್ಲ. ನಾವಿದ್ದದ್ದು 450 ರೂಪಾಯಿ ಬಾಡಿಗೆಯ ಹೆಂಚಿನ ಮನೆ. ಸೈಟಿನಲ್ಲಿ ಆರು ವರ್ಷ ಬರೀ ಜಾಲಿ ಗಿಡ ಬೆಳೆದಿತ್ತು.

ದುಡ್ಡಿಲ್ಲದೆ ಬಂದದ್ದಕ್ಕೂ ಬೆಲೆ ಕಟ್ಟಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಸಂಬಳದ ಚೀಟಿಯಲ್ಲಿ ಕಾಣದ ಮೂರು ಆದಾಯ ಆ ಕಾಲದ ಮನೆಗಳಲ್ಲಿತ್ತು.

ಒಂದು, ಊರಿನಿಂದ ಬರುತ್ತಿದ್ದದ್ದು. ತೆಂಗಿನಕಾಯಿ, ರಾಗಿ, ಹುರುಳಿ, ಅವರೆಕಾಯಿ ಕಾಲದಲ್ಲಿ ಒಂದು ಚೀಲ ಅವರೆ. ತಿಂಗಳಿಗೆ ಆಗಿನ ರೇಟಿನಲ್ಲಿ 600 ಅಂತ ಅಮ್ಮ ಅಂದಾಜು ಕೊಟ್ಟಳು. ಎರಡು, ಹಾಲು. ಹಿತ್ತಲಲ್ಲಿ ಒಂದು ಹಸು ಇತ್ತು. ಡೈರಿ ಪುಸ್ತಕದ ಪ್ರಕಾರ ಹಿಂಡಿ ಖರ್ಚು ಕಳೆದು ತಿಂಗಳಿಗೆ 380. ಅಪ್ಪನ ಲೆಕ್ಕದಲ್ಲಿ ಇದು ಇರಲೇ ಇಲ್ಲ. "ಅದು ಅವಳ ಖರ್ಚಿಗೆ" ಅಂದರು. ಆ ಖರ್ಚು ಏನಾಗಿತ್ತು ಅಂದರೆ ನನ್ನ ಜ್ವರದ ಔಷಧಿ, ತಂಗಿಯ ಚಪ್ಪಲಿ.

ಮೂರನೆಯದು ಅಮ್ಮನ ಕೆಲಸ. ಇದಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದೇ ಕೆಲಸಕ್ಕೆ ನೀವು ಈಗ ಎಷ್ಟು ಕೊಡುತ್ತಿದ್ದೀರಿ ನೋಡಿ, ಹಿಂದಕ್ಕೆ ಭಾಗಿಸಿ. ನಮ್ಮ ಮನೆಯಲ್ಲಿ ಅಡುಗೆಯವರಿಗೆ 5,000, ಪಾತ್ರೆ-ನೆಲಕ್ಕೆ 2,500, ಮಗಳ ಡೇಕೇರ್‌ಗೆ 8,000. ಒಟ್ಟು 15,500. 6.2ರಿಂದ ಭಾಗಿಸಿದರೆ 1995ರ 2,500 ರೂಪಾಯಿ. ಅಪ್ಪನ ಸಂಬಳದ ಅರ್ಧಕ್ಕಿಂತ ಜಾಸ್ತಿ. ಇದು ಕಮ್ಮಿ ಲೆಕ್ಕವೇ. ಇವರು ಯಾರೂ ಒರಳಿನಲ್ಲಿ ದೋಸೆ ಹಿಟ್ಟು ರುಬ್ಬುವುದಿಲ್ಲ, ಎರಡು ದಿನಕ್ಕೊಮ್ಮೆ ನಲ್ಲಿ ಬರುವ ನೀರಿಗೆ ಬೆಳಗಿನ ಜಾವ ನಾಲ್ಕಕ್ಕೆ ಏಳುವುದಿಲ್ಲ.

ಈಗ ಕೂಡಿಸಿ. 4,350, 600, 380, 2,500. ಒಟ್ಟು 7,830. ಇಂದಿನ ರೂಪಾಯಿಯಲ್ಲಿ 48,500. ಒಬ್ಬನೇ ದುಡಿದ ಮನೆ ಅಂತ ನಾನು ಇಷ್ಟು ದಿನ ನಂಬಿದ್ದ ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರು.

ಆಮೇಲೆ ತಲೆ ಎಣಿಸಿ. 1995ರಲ್ಲಿ ಆ ದುಡ್ಡಿನಲ್ಲಿ ಉಂಡವರು ಆರು ಜನ: ನಾವು ನಾಲ್ವರು, ಅಜ್ಜಿ, ಕಾಲೇಜು ಓದುತ್ತಿದ್ದ ಇನ್ನೊಬ್ಬ ಚಿಕ್ಕಪ್ಪ. ತಲೆಗೆ ಸುಮಾರು 8,000. ನನ್ನ ಮನೆಯಲ್ಲಿ ಹೆಂಡತಿಯ 58,000 ಸೇರಿ 1,50,000. ಡೇಕೇರು, ಅಡುಗೆ ಎಲ್ಲಾ ಕಳೆದರೂ 1,34,500. ಮೂರು ಜನ. ತಲೆಗೆ 45,000 ಹತ್ತಿರ. ಮನೆ ಚಿಕ್ಕದಾದದ್ದೇ ಎಷ್ಟು ದೊಡ್ಡ ವ್ಯತ್ಯಾಸ ಮಾಡಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 1992-93ರಲ್ಲಿ 2.85, 2019-21ರಲ್ಲಿ 1.7.

ನನ್ನ ಕಾಲಂನಲ್ಲೂ ಕಾಣದ ಆದಾಯ ಇದೆ, ಬಿಡಬೇಡಿ. ಮಗಳು ಹುಟ್ಟಿದಾಗ ಅತ್ತೆ ಏಳು ತಿಂಗಳು ನಮ್ಮ ಮನೆಯಲ್ಲಿದ್ದರು. ತಿಪಟೂರಿನಿಂದ ಬರುವ ಕಾಯಿ, ಕೊಬ್ಬರಿ, ಚಟ್ನಿಪುಡಿ ಇನ್ನೂ ನಿಂತಿಲ್ಲ.

ಆಸ್ತಿ, ಸಾಲ, ಮತ್ತು ಪಿಂಚಣಿ ಅನ್ನುವ ಆನೆ

ಆಸ್ತಿ ಕಾಲಂ ತುಂಬುವಾಗ "ಆಗ ಬಡ್ಡಿ ಎಷ್ಟು ಚೆನ್ನಾಗಿ ಬರ್ತಿತ್ತು" ಅನ್ನುವ ಮಾತು ಬಂದೇ ಬರುತ್ತದೆ. ನಿಜ, ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್‌ಗೆ 2000ದ ಜನವರಿಯವರೆಗೆ 12% ಇತ್ತು. 1988ರಲ್ಲಿ ಶುರುವಾದ ಕಿಸಾನ್ ವಿಕಾಸ್ ಪತ್ರದಲ್ಲಿ ಐದೂವರೆ ವರ್ಷಕ್ಕೆ ದುಡ್ಡು ಡಬಲ್. ಈಗ ಪಿಪಿಎಫ್ 7.1%, ವಿಕಾಸ್ ಪತ್ರ ಡಬಲ್ ಆಗುವುದಕ್ಕೆ 115 ತಿಂಗಳು. ಆದರೆ ಆ ವರ್ಷ ಬೆಲೆ ಎಷ್ಟು ಏರಿತು ಅಂತಲೂ ನೋಡಬೇಕು. ಅದೇ ಸೂಚ್ಯಂಕ 1994-95ರಲ್ಲಿ 284 ಇದ್ದದ್ದು ಮರುವರ್ಷ 313. ಹತ್ತು ಪರ್ಸೆಂಟು. 12 ಬಂದು 10 ಹೋದರೆ ಕೈಯಲ್ಲಿ ಉಳಿದದ್ದು ಎರಡೇ. ಹಳೆಯ ಬಡ್ಡಿಯ ಬಗ್ಗೆ ನಿಟ್ಟುಸಿರು ಬಿಡುವ ಮುಂಚೆ ಈ ಕಳೆಯುವ ಲೆಕ್ಕ ಮಾಡಿ.

ಅಪ್ಪನ ಆಸ್ತಿ: ಸೈಟು, ಜಿಪಿಎಫ್, ಕೆಜಿಐಡಿ, ಎಲ್‌ಐಸಿ, ಅಮ್ಮನ ಬಳೆ, ಸರ, ಓಲೆ. ಸೈಟಿನ 28,000 ಎಲ್ಲಿಂದ ಬಂತು ಅಂತ ಬಿಡಿಸಿ ಬರೆಯಲು ಹೇಳಿದೆ. ಜಿಪಿಎಫ್ ಮುಂಗಡ 10,000. ಅಮ್ಮನ ಬಳೆ ಗಿರವಿ ಇಟ್ಟು 10,000, ರಸೀದಿ ಟ್ರಂಕಿನಲ್ಲಿದೆ. ಉಳಿತಾಯ 8,000. ನೀವೂ ಹೀಗೇ ಮಾಡಿ. "ತಗೊಂಡೆ" ಅನ್ನುವ ಪ್ರತಿ ವಸ್ತುವಿನ ಪಕ್ಕ ದುಡ್ಡು ಯಾರ ಕೈಯಿಂದ ಬಂತು ಅಂತ ಒಂದು ಕಾಲಂ ಇಡಿ. ನನ್ನ ಫ್ಲಾಟಿನ ಮುಂಗಡದಲ್ಲಿ ಅಪ್ಪನ ನಿವೃತ್ತಿಯ ದುಡ್ಡು ಆರು ಲಕ್ಷ ಇದೆ. ಅದನ್ನು ಬರೆಯುವಾಗ ನನಗೂ ಕೈ ಸ್ವಲ್ಪ ತಡವರಿಸಿತು.

ಸಾಲದ ಕಡೆ ನಾವು ತುಂಬಾ ಎಡವುತ್ತೇವೆ. ಫ್ಲಾಟಿನ ಪೂರ್ತಿ ಬೆಲೆಯನ್ನು "ನನ್ನ ಆಸ್ತಿ" ಅಂತ ಬರೆದುಕೊಳ್ಳುತ್ತೇವೆ. ಒಂದು ಉದಾಹರಣೆ ತಗೊಳ್ಳಿ. 48 ಲಕ್ಷ ಸಾಲ, 8.5% ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು ಸುಮಾರು 41,700. ನಾಲ್ಕು ವರ್ಷ ಕಟ್ಟಿದರೆ ಕೈಯಿಂದ ಹೋದದ್ದು 20 ಲಕ್ಷ. ಅಸಲಿನಲ್ಲಿ ಕರಗಿದ್ದು ಹತ್ತಿರ ಹತ್ತಿರ 4.4 ಲಕ್ಷ. ಉಳಿದ ಹದಿನೈದೂವರೆ ಲಕ್ಷ ಬಡ್ಡಿಗೆ ಹೋಯಿತು. ಬ್ಯಾಂಕಿನಿಂದ ಇವತ್ತಿನ ಬಾಕಿ ಅಸಲಿನ ಸ್ಟೇಟ್‌ಮೆಂಟ್ ತಗೊಂಡು ಅದನ್ನೇ ಬರೆಯಿರಿ, ಅಂದಾಜು ಬೇಡ.

ಪಿಂಚಣಿಗೆ ಬರೋಣ. ಅಪ್ಪ ಕೆಲಸಕ್ಕೆ ಸೇರಿದ್ದು 1981ರಲ್ಲಿ, ಹಳೆಯ ಪಿಂಚಣಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಸಂಬಳದಿಂದ ತಾವೂ ಪಾಲು ಕಟ್ಟುವ ಹೊಸ ಪಿಂಚಣಿಗೆ, ಅಂದರೆ ಎನ್‌ಪಿಎಸ್‌ಗೆ ಬಿದ್ದರು. ಅಪ್ಪನಿಗೆ ಈಗ ತಿಂಗಳಿಗೆ 40,000 ಬರುತ್ತದೆ. ಅಷ್ಟು ದುಡ್ಡು ಏಳು ಪರ್ಸೆಂಟಿನ ಬಡ್ಡಿಯಿಂದ ಬರಬೇಕು ಅಂದರೆ ಬ್ಯಾಂಕಿನಲ್ಲಿ 68 ಲಕ್ಷದ ಮೇಲೆ ಇರಬೇಕು. ತುಟ್ಟಿಭತ್ಯೆ ಏರುವುದು, ಅಪ್ಪನ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ ಬರುವುದು ಇದರಲ್ಲಿ ಸೇರಿಲ್ಲ. 38ರಲ್ಲಿ ಅವರು 36 ವರ್ಷದ ಸರ್ವೀಸಿನಲ್ಲಿ 14 ಮುಗಿಸಿದ್ದರು. ಆ ಪಾಲಿಗೆ ಸುಮಾರು 27 ಲಕ್ಷ ಅಂತ ಅವರ ಆಸ್ತಿ ಕಾಲಂಗೆ ಹಾಕಿದೆ. ಒರಟು ಲೆಕ್ಕ, ಒಪ್ಪುತ್ತೇನೆ. ಆದರೆ ಸೊನ್ನೆ ಅಂತ ಬರೆಯುವುದಕ್ಕಿಂತ ವಾಸಿ. ನನ್ನ ಇಪಿಎಸ್ ಪಿಂಚಣಿ (ಪಿಎಫ್ ಜೊತೆಗೆ ಬರುವುದು), 15,000ದ ಸಂಬಳ ಮಿತಿಯಲ್ಲಿ 35 ವರ್ಷ ದುಡಿದರೆ, ತಿಂಗಳಿಗೆ 7,500. ಈ ಒಂದು ಸಾಲಿಗಾಗಿಯೇ ಇಡೀ ಹಾಳೆ ಮಾಡಿದ್ದು ಸಾರ್ಥಕ ಅನ್ನಿಸಿತು. ಅಪ್ಪ ಉಳಿಸದಿದ್ದರೂ ಅವರ ಹೆಸರಿನಲ್ಲಿ ಸರ್ಕಾರ ಉಳಿಸುತ್ತಿತ್ತು. ನಾನು ಕೈ ತುಂಬಾ ತಗೊಂಡು ನನ್ನ ಮುಪ್ಪನ್ನು ನಾನೇ ಕೊಂಡುಕೊಳ್ಳಬೇಕು. ನನ್ನ 92,000ದಲ್ಲಿ ಆ ಪಾಲು ತೆಗೆದಿಟ್ಟ ಮೇಲೆಯೇ ಮಿಕ್ಕದ್ದು ಸಂಬಳ.

ಕಳೆದುಕೊಂಡದ್ದನ್ನೂ ಬರೆಸಿ

ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಸೈಟು ತಗೊಂಡವರು ಮಾತಾಡುತ್ತಾರೆ, ತಗೊಳ್ಳಲಾಗದವರು ಹಬ್ಬದ ದಿನ ಸುಮ್ಮನಿರುತ್ತಾರೆ. ಅಪ್ಪನೂ ಹಾಗೇ. ಎರಡನೇ ಭಾನುವಾರ ಟ್ರಂಕಿನ ತಳದಲ್ಲಿ ಹಸಿರು ಬಣ್ಣದ ಚೆಂದದ ಸರ್ಟಿಫಿಕೇಟು ಸಿಕ್ಕಿತು. ತೇಗದ ಗಿಡದ ಸ್ಕೀಮು. 5,000 ಕಟ್ಟಿದರೆ ಇಪ್ಪತ್ತು ವರ್ಷಕ್ಕೆ ಮರ ಬೆಳೆದು ಲಕ್ಷ ಲಕ್ಷ ಬರುತ್ತದೆ ಅಂತ ಆಸೆ ತೋರಿಸಿ ತೊಂಬತ್ತರ ದಶಕದಲ್ಲಿ ಎಷ್ಟೋ ಕಂಪನಿಗಳು ದುಡ್ಡು ಎತ್ತಿದವು. ಅಪ್ಪನ ಕಂಪನಿಯೂ ಬಾಗಿಲು ಹಾಕಿತು. ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಯಿತು. ನಾನು 2021ರಲ್ಲಿ ಕ್ರಿಪ್ಟೊದಲ್ಲಿ 70,000 ಕಳೆದುಕೊಂಡಿದ್ದನ್ನು ಅವರಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. "ಗಿಡನಾದ್ರೂ ಇತ್ತಾ ಅದ್ರಲ್ಲಿ?" ಅಂತ ಕೇಳಿದರು.

ದುಡ್ಡಿನ ಆಚೆಯ ಸಾಲುಗಳು

ಇವಕ್ಕೆ ಜಾಸ್ತಿ ಜಾಗ ಬೇಡ, ಐದಾರು ಸಾಲು ಸಾಕು. ದಿನಕ್ಕೆ ಮನೆಯಲ್ಲಿ ಎಷ್ಟು ಗಂಟೆ ಎಚ್ಚರವಾಗಿರುತ್ತೀರಿ? ಅಪ್ಪ ಐದು ಗಂಟೆಗೆ ಮನೆಯಲ್ಲಿರುತ್ತಿದ್ದರು. ನಾನು ಔಟರ್ ರಿಂಗ್ ರೋಡಿನಲ್ಲಿರುತ್ತೇನೆ. ಗ್ಯಾಸ್ ಕನೆಕ್ಷನ್ನಿಗೆ, ಫೋನಿಗೆ ಹೆಸರು ಬರೆಸಿ ಅವರು ವರ್ಷಗಟ್ಟಲೆ ಕಾದರು. ಆ ಕಾಯುವಿಕೆ ನಮಗೆ ಇಲ್ಲ. ಕಾಯಿಲೆ ಬಂದರೆ ದಾರಿ ಏನಿತ್ತು ಅಂತ ತಪ್ಪದೆ ಕೇಳಿ. 1990ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 80 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ 28. ನನಗೂ ತಂಗಿಗೂ ನಡುವೆ ಒಂದು ಕೂಸು ಇತ್ತು ಅನ್ನುವುದು ನನಗೆ ಈ ಹಾಳೆ ಮಾಡುವಾಗಲೇ ಸರಿಯಾಗಿ ತಿಳಿದದ್ದು. ಆ ಸಾಲಿನ ಮುಂದೆ ಯಾವ ಅಂಕಿಯನ್ನೂ ಹಾಕಲಿಲ್ಲ.

ಹಾಳೆಯನ್ನು ಅವರಿಗೇ ತೋರಿಸಿ

ಕೊನೆಯ ಹಂತ. ಫೋನಿನಲ್ಲಿ ಕಳಿಸಬೇಡಿ, ಪ್ರಿಂಟ್ ತೆಗೆದುಕೊಂಡು ಹೋಗಿ. ಯಾರು ಮುಂದೆ, ಯಾರು ಹಿಂದೆ ಅಂತ ಕೆಳಗೆ ತೀರ್ಪು ಬರೆಯಬೇಡಿ. ಬರೆದರೆ ಅವರು ತೀರ್ಪನ್ನು ಓದುತ್ತಾರೆ, ಸಾಲುಗಳನ್ನು ಓದುವುದಿಲ್ಲ. ಅವರ ಕೈಗೆ ಪೆನ್ನು ಕೊಡಿ. ತಪ್ಪು ಹುಡುಕಿ ಅಂತ ಹೇಳಿ.

ಅಪ್ಪ ಹಳೆಯ ಅಭ್ಯಾಸದಂತೆ ಕೆಂಪು ಪೆನ್ನೇ ತಂದರು. ಮೊದಲು "ಪಿಂಚಣಿ" ಅಂತ ನಾನು ಟೈಪ್ ಮಾಡುವಾಗ ಬಿಟ್ಟಿದ್ದ ಸೊನ್ನೆ ಹಾಕಿದರು. ಬಾಡಿಗೆ 450 ಸರಿ, ಆದರೆ ಅಡ್ವಾನ್ಸ್ ಎರಡು ಸಾವಿರ ಬಿಟ್ಟಿದ್ದೀಯ ಅಂದರು. ಸೈಟಿನ ಸಾಲಿಗೆ ಬಂದಾಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಹಿಂದೆ ನಿಂತಳು. ಬೆರಳಿಟ್ಟು ಒಂದೊಂದೇ ಓದಿದಳು. ಜಿಪಿಎಫ್ 10,000. ಬಳೆ 10,000. ಉಳಿತಾಯ 8,000.

"ಇದ್ಯಾವುದು ಉಳಿತಾಯ?"

ಅಪ್ಪ ಮಾತಾಡಲಿಲ್ಲ.

"ಉಳಿತಾಯ ಅಲ್ಲ ಕಣೋ ಅದು. ನಮ್ಮಣ್ಣ ಕೊಟ್ಟಿದ್ದು, ಕೊಬ್ಬರಿ ಮಾರಿ. ಇನ್ನೂ ವಾಪಸ್ ಕೊಟ್ಟಿಲ್ಲ."

ಅಪ್ಪ ಉಳಿತಾಯ ಅನ್ನುವುದನ್ನು ಹೊಡೆದು ಹಾಕಿ ಪಕ್ಕದ ಕಾಲಂನಲ್ಲಿ "ಸಾಲ" ಅಂತ ಬರೆದರು. 1993-94ರ ಸೂಚ್ಯಂಕ 258, ಅಂದರೆ ಏಳೂವರೆ ಪಟ್ಟು. ನಾನು ಮಾರ್ಜಿನ್ನಿನಲ್ಲಿ 60,000 ಅಂತ ಬರೆದೆ. ಮಾವನಿಗೆ ಈಗ ಎಪ್ಪತ್ತೆರಡು ವರ್ಷ.

ಅಪ್ಪ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ ಪೆನ್ನಿನ ಕ್ಯಾಪು ಹಾಕಿದರು. "ಬಡ್ಡಿ ಬೇರೆ ಸೇರಿಸಬೇಡಪ್ಪ" ಅಂದರು.